ಬಂಧನದ ಸುದ್ದಿ ಜೊತೆ ಚಿಕಿತ್ಸೆಯ ದಾರಿಯೂ ಇರಲಿ

ಮಾನ್ಯ ಸಂಪಾದಕರೇ,

ಡ್ರಗ್ಸ್ ಸಿಕ್ಕಿದ ಸುದ್ದಿ ಬಂದಾಗಲೆಲ್ಲ ಹುಡುಗ ಯಾವ ರಾಜ್ಯದವನು ಅನ್ನೋದು ತಲೆಬರಹದಲ್ಲೇ ಇರುತ್ತದೆ. ನಾನು ಕೊತ್ತನೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಮಣಿಪುರದ ಹುಡುಗ ಜ್ವರದ ಮಾತ್ರೆ ಕೇಳಿದರೂ ಸೂಜಿ ಚುಚ್ಚಿದ ಗುರುತು ಇದೆಯೇ ಅಂತ ಪಕ್ಕದಲ್ಲಿ ನಿಂತವರ ಕಣ್ಣು ಅವನ ತೋಳಿನ ಮೇಲೆ ಹೋಗುತ್ತದೆ. ಇದು ಸರಿಯಲ್ಲ.

ಮಣಿಪುರದ ಕಷ್ಟ ಇಂದು ನಿನ್ನೆಯದಲ್ಲ. ಮ್ಯಾನ್ಮಾರ್ ಜೊತೆ ಸುಮಾರು 400 ಕಿ.ಮೀ. ಗಡಿ ಇರುವ ರಾಜ್ಯ ಅದು. 1980ರ ದಶಕದಲ್ಲೇ ‘ನಂಬರ್ 4’ ಎನ್ನುವ ಹೆರಾಯಿನ್ ಆ ಗಡಿ ದಾಟಿ ಬರುತ್ತಿತ್ತು. ಒಂದೇ ಸೂಜಿಯನ್ನು ಹಲವರು ಬಳಸಿ ಎಚ್‌ಐವಿ ಹರಡಿತು. 2023ರ ಮೇ ತಿಂಗಳಲ್ಲಿ ಗಲಭೆ ಶುರುವಾದ ಮೇಲೆ ಸುಮಾರು 60 ಸಾವಿರ ಜನ ಮನೆ ಬಿಟ್ಟು ಹೋಗಬೇಕಾಯಿತು. ಗುಂಡಿನ ಸದ್ದು ನಿಂತರೂ ಹುಡುಗರಿಗೆ ಓದೂ ಇಲ್ಲ, ಕೆಲಸವೂ ಇಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ. ಕೆಲವರು ನಮ್ಮೂರಿಗೆ ಬರುತ್ತಾರೆ.

ಅಂಥವನೊಬ್ಬ ವೈದ್ಯರ ಚೀಟಿ ಇಲ್ಲದೆ ಟ್ಯಾಪೆಂಟಡಾಲ್ ಕೇಳಿದ. ಅದು ನೋವಿನ ಮಾತ್ರೆ. ನಶೆಗೆ ಅಂತ ಕರಗಿಸಿ ಚುಚ್ಚಿಕೊಳ್ಳುವವರಿದ್ದಾರೆ. ಕೊಡಲಿಲ್ಲ. ನಿಮ್ಹಾನ್ಸ್‌ಗೆ ಹೋಗಪ್ಪಾ ಅಂದೆ. ಹೋದರೆ ಪೊಲೀಸರಿಗೆ ಹಿಡಿದುಕೊಡ್ತಾರೆ ಅಂದ. ಬಿಡಬೇಕು ಅಂತ ಮನಸ್ಸಿದ್ದ ಹುಡುಗ ಸಾರ್ ಅವನು. ಬರೀ ಹೆದರಿಕೆಯಿಂದ ಹಿಂದೆ ಸರಿದ. ಇಂಥ ಹೆದರಿಕೆ ನಮ್ಮೂರ ಮಕ್ಕಳಲ್ಲೂ ಇದೆ.

ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಏನು ಹೇಳುತ್ತದೆ ಅಂತ ಎಷ್ಟು ಜನರಿಗೆ ಗೊತ್ತು? ಡ್ರಗ್ಸ್ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ದೊಡ್ಡ ಪ್ರಮಾಣದಲ್ಲಿ ಮಾರುವವರಿಗೆ ಇದಿಲ್ಲ, ಇರಲೂಬಾರದು. ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ವಾಂತಿ, ಚಡಪಡಿಕೆಗೆ ಬ್ಯುಪ್ರೆನಾರ್ಫಿನ್‌ನಂಥ ಔಷಧವೂ ಇದೆ. ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು ಅಷ್ಟೆ. ಸುಮ್ನೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಬುದ್ಧಿ ಹೇಳಿದರೆ ಸಾಲದು.

ಬಂಧನದ ಸುದ್ದಿ ಹಾಕಿದಾಗಲೆಲ್ಲ ಕೆಳಗೆ ಎರಡೇ ಸಾಲು ಸೇರಿಸಿ: ವ್ಯಸನ ಬಿಡಲು ಉಚಿತ ಸಹಾಯವಾಣಿ 14446, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗ ಇದೆ. ತಲೆಬರಹದಿಂದ ರಾಜ್ಯದ ಹೆಸರು ತೆಗೆಯಿರಿ. ನಾನು ಈ ನಂಬರನ್ನು ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ಬರೆದು ಕೌಂಟರ್‌ಗೆ ಅಂಟಿಸಿದ್ದೇನೆ. ಉಳಿದ ಮೆಡಿಕಲ್ ಸ್ಟೋರಿನವರೂ, ಪಿಜಿ ಮಾಲೀಕರೂ ಅಂಟಿಸಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತೇನೆ.

– ಮೆಡಿಕಲ್ ಸ್ಟೋರ್ ಮಾಲೀಕ, ಕೊತ್ತನೂರು, ಬೆಂಗಳೂರು