ಕಬಡ್ಡಿ ಅಂಕಣದ ಸುತ್ತ ಹಗ್ಗ ಕಟ್ಟಲಿ

ಮಾನ್ಯರೇ,

ಪ್ರೌಢಶಾಲೆಗಳ ಹೋಬಳಿ ಹಾಗೂ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ, ಅದರಲ್ಲೂ ಕಬಡ್ಡಿ ಪಂದ್ಯಗಳಲ್ಲಿ, ಫಲಿತಾಂಶವನ್ನೇ ತಿರುಗಿಸಬಲ್ಲಷ್ಟು ಹತ್ತಿರಕ್ಕೆ ಪ್ರೇಕ್ಷಕರು ಅಂಕಣದ ಅಂಚಿಗೆ ಒತ್ತಿ ನಿಲ್ಲುತ್ತಿರುವುದು ಚಿಂತೆಯ ವಿಷಯ. ದಾಳಿಗೆ ಹೋದ ಆಟಗಾರ 30 ಸೆಕೆಂಡುಗಳೊಳಗೆ ಮರಳುವವರೆಗೂ ಎಡೆಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು, ಅದು ತೀರ್ಪುಗಾರರ ಕಿವಿಗೆ ಸ್ಪಷ್ಟವಾಗಿ ಬೀಳಬೇಕು ಎಂಬುದು ಆಟದ ಮೂಲ ನಿಯಮ. ಶಿಳ್ಳೆ, ತಮಟೆಗಳ ಅಬ್ಬರದಲ್ಲಿ ಹುಡುಗ ಉಸಿರು ಬಿಟ್ಟನೋ ಇಲ್ಲವೋ ಎಂದು ಹೇಳುವವರಾರು? ಸುಣ್ಣದ ಗೆರೆಯನ್ನು ನೋಡುಗರ ಚಪ್ಪಲಿಗಳೇ ಅಳಿಸಿದ ಮೇಲೆ, ಹಿಡಿಯಲು ಬಂದವನ ಕಾಲು ಗೆರೆ ದಾಟಿತ್ತೇ ಎಂಬುದು ಗುಂಪಿನ ಕೂಗಿನಿಂದಲೇ ತೀರ್ಮಾನವಾಗುತ್ತದೆ.

ಇಂತಹ ಕೂಟಗಳಲ್ಲಿ ತೀರ್ಪು ನೀಡುವವರು ಸಾಮಾನ್ಯವಾಗಿ ನೆರೆಯ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು. ನಾಳೆಯೂ ಅದೇ ಊರಿನ ಬಸ್ಸಿನಲ್ಲಿ ಓಡಾಡಬೇಕಾದ ಅವರ ಮೇಲೆ ಹಿರಿಯರೇ ಏರಿಹೋದರೆ ನಿಷ್ಪಕ್ಷಪಾತ ನಿರ್ಧಾರವನ್ನು ನಿರೀಕ್ಷಿಸುವುದಾದರೂ ಹೇಗೆ? ಹುರಿದುಂಬಿಸುವವರಿಲ್ಲದ ಮೈದಾನ ಯಾರಿಗೂ ಬೇಡ. ಸೋಲುತ್ತಿದ್ದ ತಂಡ ಸಹಪಾಠಿಗಳ ಚಪ್ಪಾಳೆಯಿಂದ ಮೈಕೊಡವಿ ಏಳುವುದುಂಟು. ಆದರೆ ಎದುರಾಳಿ ಮಗುವಿನ ಮೈಬಣ್ಣ, ಊರು ಹಿಡಿದು ಹಂಗಿಸುವುದನ್ನು (ದೊಡ್ಡವರೇ ಇದಕ್ಕೆ ಮುಂದು) ಪ್ರೋತ್ಸಾಹವೆಂದು ಕರೆಯಲಾಗದು.

ಶಾಲಾ ಶಿಕ್ಷಣ ಇಲಾಖೆಯು ಅಂಕಣದಿಂದ ಕನಿಷ್ಠ 4 ಮೀಟರ್ ದೂರದಲ್ಲಿ ಹಗ್ಗ ಕಟ್ಟುವುದನ್ನು ಕಡ್ಡಾಯಗೊಳಿಸಲಿ, ತೀರ್ಪುಗಾರರನ್ನು ಬೇರೆ ತಾಲ್ಲೂಕಿನಿಂದ ಕರೆಸಲಿ ಮತ್ತು ಗಲಾಟೆ ಮುಂದುವರಿದರೆ ಪಂದ್ಯ ನಿಲ್ಲಿಸುವ ಅಧಿಕಾರವನ್ನು ಅವರಿಗೆ ಲಿಖಿತವಾಗಿ ನೀಡಲಿ. ಪ್ರೇಕ್ಷಕರ ತಪ್ಪಿಗೆ ಮಕ್ಕಳ ತಂಡವನ್ನೇ ಅನರ್ಹಗೊಳಿಸುವ ಸುಲಭದ ದಾರಿಯನ್ನು ಮಾತ್ರ ಹಿಡಿಯದಿರಲಿ.

– ಪೋಷಕರೊಬ್ಬರು, ಹಾಸನ