ಉಪ್ಪುನೀರಿನ ಟ್ಯಾಂಕು ತಿಳಿಯಾಯಿತು, ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ನೋಡಿಕೊಳ್ಳುತ್ತಿರುವ ಉಪ್ಪುನೀರಿನ ಅಕ್ವೇರಿಯಂಗೆ ಈ ಆಶ್ಲೇಷ ಮಳೆಗೆ ಎರಡು ವರ್ಷ ತುಂಬಿತು. ಎರಡೂವರೆ ಅಡಿ ಉದ್ದದ ಟ್ಯಾಂಕು. ಕಲ್ಲು, ಮರಳು ಕಳೆದರೆ 60 ಲೀಟರ್ ನೀರು. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಐದು ಬಸವನಹುಳು. ಮೊದಲ ವರ್ಷ ಕಲ್ಲನ್ನೆಲ್ಲ ಹಸಿರು ಕೂದಲು ಪಾಚಿ ಮುಚ್ಚಿತ್ತು. ಈಗ ಆರು ತಿಂಗಳಿಂದ ಕಲ್ಲು ಕಲ್ಲಾಗಿಯೇ ಕಾಣುತ್ತಿದೆ. ಪಾಚಿಗೆ ಊಟ ಯಾವ ಯಾವ ದಾರಿಯಿಂದ ಬರುತ್ತಿದೆ ಎಂದು ಹುಡುಕಿ, ಆ ಒಂದೊಂದು ದಾರಿಯನ್ನೂ ಮುಚ್ಚಿಕೊಟ್ಟವರು ಹಲವರು. ಅವರಿಗೆ ಕೃತಜ್ಞತೆ ಹೇಳುವಾಗ ಅವರು ಏನು ಮಾಡಿಕೊಟ್ಟರು ಎಂಬುದನ್ನೂ ಅಳತೆ ಸಮೇತ ಬರೆಯುತ್ತಿದ್ದೇವೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಇಂಥದೇ ಟ್ಯಾಂಕು ಇಟ್ಟವರಿಗೆ ಉಪಯೋಗವಾಗಲಿ.

ಮೊದಲ ನಮಸ್ಕಾರ ವಾಟರ್ ಫಿಲ್ಟರ್ ರಿಪೇರಿ ಮಾಡುವ ಅಣ್ಣನಿಗೆ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ಕೇಳುತ್ತಲೇ ಬೆಳೆದ ನಮಗೆ ತುಂಗೆಯ ನೀರು ಯಾವುದಕ್ಕಾದರೂ ಆಗದು ಎಂದು ಒಪ್ಪಲು ಮನಸ್ಸು ಬರುವುದಿಲ್ಲ. ಕುಡಿಯಲು ಅದರಂಥ ನೀರಿಲ್ಲ, ನಿಜ. ಆದರೆ ನಲ್ಲಿಗೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ, ಕಲ್ಲು ಮಣ್ಣಿನಿಂದ ಕರಗಿದ ಸಿಲಿಕೇಟ್ ಇರುತ್ತದೆ, ಗದ್ದೆ ತೋಟದ ಗೊಬ್ಬರದಿಂದ ಪಾಚಿಗೆ ಊಟವಾಗುವ ನೈಟ್ರೇಟ್, ಫಾಸ್ಫೇಟ್ ಅಷ್ಟಿಷ್ಟು ಸೇರಿರಬಹುದು. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಅದರ ಜೊತೆ ಬಂದದ್ದೆಲ್ಲ ಒಳಗೇ ಉಳಿದು ದಿನದಿನಕ್ಕೂ ಕೂಡುತ್ತದೆ. ಹಾಗಾಗಿ ಸೂಕ್ಷ್ಮ ಪೊರೆ (ಮೆಂಬ್ರೇನ್) ದಾಟಿಸಿ ಶುದ್ಧ ಮಾಡಿದ ಆರ್‌ಒ ನೀರೇ ಬೇಕು.

ಮನೆಯ ಆರ್‌ಒ ಯಂತ್ರದ ನೀರು ಹಾಕುತ್ತಿದ್ದರೂ ಪಾಚಿ ಯಾಕೆ ಎಂದು ಕೇಳಿದಾಗ ಆ ಅಣ್ಣ ಮುಚ್ಚಳ ತೆಗೆದು ಒಂದು ಪುಟ್ಟ ಸ್ಕ್ರೂ ತೋರಿಸಿದರು. ಅದು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಅಡ್ಜಸ್ಟರ್. ಕುಡಿಯುವ ನೀರು ಸಪ್ಪೆಯಾಗದಿರಲಿ ಎಂದು ಮೆಂಬ್ರೇನ್ ದಾಟದ ನೀರನ್ನು ಅದು ಸ್ವಲ್ಪ ಬೆರೆಸಿಬಿಡುತ್ತದೆ. ಅದರಾಚೆಯ ಮಿನರಲ್ ಕಾರ್ಟ್ರಿಡ್ಜ್ ಇನ್ನೊಂದಿಷ್ಟು ಸೇರಿಸುತ್ತದೆ. ಅವರು ಮೆಂಬ್ರೇನಿನ ಬಾಯಲ್ಲೇ ಒಂದು ಟಿ ಹಾಕಿ, ಕಾಲಿಂಚಿನ ಪೈಪನ್ನು ಬೇರೆಯಾಗಿ ಎಳೆದು, ತುದಿಗೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಕಾರ್ಟ್ರಿಡ್ಜ್ ಕೂರಿಸಿಕೊಟ್ಟರು. ಕುಡಿಯುವ ನಲ್ಲಿಯಲ್ಲಿ 48 ಇದ್ದ ಟಿಡಿಎಸ್ ಮೆಂಬ್ರೇನಿನ ಬಳಿ 6, ರೆಸಿನ್ ದಾಟಿದ ಮೇಲೆ 0. ಮೀಟರು 1 ಅಥವಾ 2 ತೋರಿಸಿದ ದಿನವೇ ರೆಸಿನ್ ಬದಲಿಸಬೇಕು. ರೆಸಿನ್ ಸೋಲತೊಡಗಿದಾಗ ಮೊದಲು ನುಸುಳಿಕೊಳ್ಳುವವುಗಳಲ್ಲಿ ಸಿಲಿಕೇಟ್ ಒಂದು, ಗಾಜಿನ ಮೇಲೆ ಮತ್ತೆ ಮತ್ತೆ ಕೂರುವ ಕಂದು ಪುಡಿಗೆ ಅದೇ ಮೂಲ. ಹೊಸ ಟ್ಯಾಂಕಿನ ಮೊದಲ ತಿಂಗಳಲ್ಲಿ ಆ ಕಂದು ಪುಡಿ ಬಂದರೆ ಹೆದರಬೇಡಿ, ತಾನಾಗಿ ಹೋಗುತ್ತದೆ.

ಉಪ್ಪಿನ ಅಳತೆ ಸರಿಮಾಡಿಕೊಟ್ಟ ಕೆಮಿಸ್ಟ್ರಿ ಮೇಷ್ಟ್ರಿಗೆ ವಂದನೆಗಳು. ಸಮುದ್ರದ ಉಪ್ಪಿನಂಶ ಸಾವಿರಕ್ಕೆ 35. ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 36 ಗ್ರಾಂನಂತೆ ಹಾಕಿದರೆ ಅಲ್ಲಿಗೆ ಮುಟ್ಟುತ್ತದೆ. ಆದರೆ ಮಳೆಗಾಲದಲ್ಲಿ ಮಲೆನಾಡಿನಲ್ಲಿ ತೂಕವನ್ನು ನಂಬುವ ಹಾಗಿಲ್ಲ. ಬಾಯಿ ಸಡಿಲವಾದ ಬಕೆಟಿನ ಉಪ್ಪು ಗಾಳಿಯ ತೇವ ಹೀರಿ ಭಾರವಾಗುತ್ತದೆ, ಅದೇ 36 ಗ್ರಾಂನಲ್ಲಿ ಉಪ್ಪು ಕಡಿಮೆ, ನೀರು ಹೆಚ್ಚು. ಗಡ್ಡೆ ಕಟ್ಟಿದರೆ ಕ್ಯಾಲ್ಸಿಯಂ ಕೂಡ ಸರಿಯಾಗಿ ಕರಗದೆ ತಳದಲ್ಲಿ ಬಿಳಿ ಪುಡಿಯಾಗಿ ಉಳಿಯುತ್ತದೆ. ಹಪ್ಪಳದ ಡಬ್ಬಿಯಷ್ಟೇ ಜೋಪಾನವಾಗಿ ಉಪ್ಪನ್ನು ಮುಚ್ಚಿಡಿ, ಕೊನೆಯ ಮಾತು ರಿಫ್ರ್ಯಾಕ್ಟೋಮೀಟರಿನದಾಗಲಿ (ಒಂದು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ತೋರಿಸುವ ಸಾಧನ). ಅದನ್ನೂ ಬರೀ ನೀರು ಹಾಕಿ ಸೊನ್ನೆಗೆ ಕೂರಿಸಿದರೆ ಸಾಲದು. ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲಿ ತಪ್ಪಬಹುದು. ಮೇಷ್ಟ್ರು ಲ್ಯಾಬಿನ ತಕ್ಕಡಿಯಲ್ಲಿ 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿಗೆ ಹಾಕಿ ಕರಗಿಸಿ ಬಾಟಲಿ ತುಂಬಿಕೊಟ್ಟರು. ಆ ದ್ರಾವಣದ ಒಂದು ಹನಿ 35ನ್ನು ತೋರಿಸಬೇಕು, ತೋರಿಸದಿದ್ದರೆ ಸ್ಕ್ರೂ ತಿರುಗಿಸಿ ತಂದು ನಿಲ್ಲಿಸಬೇಕು. ಅಡುಗೆ ಉಪ್ಪಿಗೆ ಈ ಒಂದೇ ಕೆಲಸ. ಟ್ಯಾಂಕಿಗೆ ಅದನ್ನು ಹಾಕಬಾರದು, ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಏನೂ ಸಾಕಷ್ಟಿರುವುದಿಲ್ಲ.

ಮಲ್ಪೆಯಿಂದ ಕ್ಯಾನುಗಳಲ್ಲಿ ಸಮುದ್ರದ ನೀರನ್ನೇ ಆಗುಂಬೆ ಘಾಟಿ ಹತ್ತಿಸಿ ತಂದುಕೊಡುತ್ತೇವೆ ಎಂದವರ ಪ್ರೀತಿ ದೊಡ್ಡದು. ಮಳೆಗಾಲದಲ್ಲಿ ದಡದ ನೀರಿಗೆ ಹೊಳೆಗಳು ಸೇರಿ ಉಪ್ಪಿನಂಶ ಇಳಿದಿರುತ್ತದೆ, ಜೊತೆಗೆ ಹೊಲದ ಗೊಬ್ಬರವೂ ದೋಣಿಯ ಡೀಸೆಲ್ಲೂ ಇರುತ್ತದೆ. ಅದಕ್ಕೇ ಬೇಡವೆಂದೆವು. ದಯವಿಟ್ಟು ಬೇಸರಿಸಬೇಡಿ.

ಮೇಷ್ಟ್ರ ಇನ್ನೊಂದು ಉಪಕಾರವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಟ್ಯಾಂಕಿನ ತುಂಬ ಪಾಚಿ ಇದ್ದಾಗ ಫಾಸ್ಫರಸ್ ಅಳೆಯುವ ಚೆಕರ್ ಯಂತ್ರ ಬರೀ 10 ಪಿಪಿಬಿ (ನೂರು ಕೋಟಿ ಭಾಗದಲ್ಲಿ 10 ಭಾಗ) ತೋರಿಸುತ್ತಿತ್ತು. ಆ ಅಂಕಿಯನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಸಿಗುತ್ತದೆ: 0.03 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.03 ಭಾಗ). ಇಷ್ಟು ಕಡಿಮೆ ಇರುವಾಗ ಪಾಚಿ ತಿನ್ನುವುದೇನನ್ನು? 'ನೀರಿಗೆ ಬಂದದ್ದನ್ನು ಬಂದಹಾಗೇ ಪಾಚಿ ಉಣ್ಣುತ್ತಿದೆ, ಉಂಡು ಉಳಿದದ್ದನ್ನು ನೀವು ಅಳೆಯುತ್ತಿದ್ದೀರಿ' ಎಂದರು ಮೇಷ್ಟ್ರು. ಪಾಚಿ ಕಿತ್ತ ವಾರ ಅದೇ ಚೆಕರ್ 98 ತೋರಿಸಿತು, ಅಂದರೆ 0.3 ಪಿಪಿಎಂ. ಸುಣ್ಣದಂಶದ ಕಲ್ಲು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು, ನೀರಿನಲ್ಲಿ ಕಡಿಮೆಯಾದಾಗಲೆಲ್ಲ ಬಿಟ್ಟುಕೊಡುತ್ತದೆ. ಅದಕ್ಕೇ ನೀರು ಬದಲಿಸಿದ ಮೂರನೆಯ ದಿನಕ್ಕೆ ಅಂಕಿ ಮತ್ತೆ ಮೇಲೇರುವುದು. ಫಾಸ್ಫೇಟನ್ನು ಹೀರುವ ಕಬ್ಬಿಣದ ಆಕ್ಸೈಡಿನ ಕಂದು ಹರಳುಗಳನ್ನು ಒಂದು ಟೇಬಲ್ ಚಮಚ ತೆಗೆದುಕೊಂಡು, ನೀರು ತಿಳಿಯಾಗಿ ಇಳಿಯುವ ತನಕ ತೊಳೆದು, ಬಲೆಯ ಚೀಲದಲ್ಲಿ ಫಿಲ್ಟರಿನಲ್ಲಿಟ್ಟೆವು. ಮೂರು ದಿನಕ್ಕೊಮ್ಮೆ ಅಳತೆ, ಇಳಿಯುವುದು ನಿಂತಾಗ ಹೊಸ ಹರಳು. ಕೆಳಗೆ ಬಂದು ನಿಲ್ಲಲು ಹತ್ತು ವಾರ ಹಿಡಿಯಿತು. ಅವಸರಕ್ಕೆ ಮೂರು ನಾಲ್ಕು ಚಮಚ ಸುರಿಯಬೇಡಿ. ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಏಳುವ ಅಪಾಯ ಹೆಚ್ಚು: ಗುಳ್ಳೆ ಕಟ್ಟಿಕೊಂಡ ಕಂದು ಲೋಳೆ, ರಾತ್ರಿ ಕಡಿಮೆಯಾದಂತಿದ್ದು ಬೆಳಕು ಹರಿದ ಮೇಲೆ ದಟ್ಟವಾಗುತ್ತದೆ, ಬಸವನಹುಳು ತಿಂದರೆ ಸಾಯಲೂಬಹುದು. ಕೂದಲು ಪಾಚಿಗಿಂತ ಅದು ಕಷ್ಟ. ಫಾಸ್ಫೇಟ್ 0.03ರಿಂದ 0.1, ನೈಟ್ರೇಟ್ 5ರಿಂದ 10 ಪಿಪಿಎಂ ನಡುವೆ ಇದ್ದರೆ ನೆಮ್ಮದಿ.

ಭಾನುವಾರಗಳನ್ನು ಕೊಟ್ಟು ಕಲ್ಲುಜ್ಜಿದ ಕಾಲೇಜು ಹುಡುಗ ಹುಡುಗಿಯರಿಗೆ ಎಷ್ಟು ಹೇಳಿದರೂ ಕಡಿಮೆ. ಅವರೇ ಮಾಡಿಕೊಂಡ ಸಾಧನ ನೋಡಿ: 6 ಮಿಲಿಮೀಟರ್ ಪೈಪಿನ ತುದಿಗೆ ಹಳೆಯ ಟೂತ್‌ಬ್ರಷ್ಷನ್ನು ಎರಡು ಕೇಬಲ್ ಟೈನಿಂದ ಬಿಗಿದದ್ದು, ಬ್ರಷ್ಷಿನ ಕೂದಲು ಪೈಪಿನ ಬಾಯಿಗೆ ಅರ್ಧ ಇಂಚು ಮುಂದೆ. ಉಜ್ಜಿದ ಪಾಚಿ ನೀರಿನಲ್ಲಿ ತೇಲಿ ಹೋಗುವ ಮೊದಲೇ ಪೈಪು ಎಳೆದುಕೊಂಡು ಕೆಳಗಿನ ಬಕೆಟಿಗೆ ಬಿಡುತ್ತದೆ. ತೇಲಿಬಿಟ್ಟರೆ ಒಂದೊಂದು ಎಳೆಯೂ ಇನ್ನೊಂದು ಕಡೆ ಬೇರು ಬಿಟ್ಟ ಹಾಗೆ. 6 ಲೀಟರ್ ಬಕೆಟ್ ತುಂಬುತ್ತಿದ್ದಂತೆ ನಿಲ್ಲಿಸಿದರೆ ಆ ವಾರದ ನೀರು ಬದಲಾವಣೆಯೂ ಮುಗಿಯಿತು. ಹೊಸ ನೀರನ್ನು ಹಿಂದಿನ ದಿನವೇ ಸುಮಾರು 220 ಗ್ರಾಂ ಉಪ್ಪು ಹಾಕಿ ಪಂಪು ತಿರುಗಿಸಿ 25 ಡಿಗ್ರಿಗೆ ತಂದಿಟ್ಟಿರಬೇಕು.

ಬ್ರಷ್ಷಿಗೂ ಬಗ್ಗದ ಒಂದೆರಡು ಕಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೇಕಾಯಿತು. ಲೇಬಲ್ ಓದಿ ಹೇಳಿದ ಮೆಡಿಕಲ್ ಶಾಪಿನ ಅಕ್ಕನಿಗೆ ಧನ್ಯವಾದ. ನಮಗೆ ಬೇಕಿದ್ದದ್ದು 3%, ಬಾಟಲಿಯಲ್ಲಿದ್ದದ್ದು 6%. ಸಮಪಾಲು ಆರ್‌ಒ ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಕಲ್ಲನ್ನು ಟ್ಯಾಂಕಿನಿಂದ ಹೊರಗೆ ತೆಗೆದು ಪಾಚಿಯ ಮೇಲೆ ಮಾತ್ರ ಬ್ರಷ್ಷಿನಿಂದ ಹಚ್ಚಿ ಮೂರು ನಿಮಿಷ ಬಿಡಬೇಕು. ಜುಂಯ್ ಎಂದು ನೊರೆ ಏಳುತ್ತದೆ. ಆಮೇಲೆ, ಟ್ಯಾಂಕಿನಿಂದ ತೆಗೆದ ಹಳೆಯ ಉಪ್ಪುನೀರಿನಲ್ಲಿ ಎರಡು ಸಲ ಅದ್ದಿ ತೊಳೆದು ಒಳಗಿಡಬೇಕು. ನಾಲ್ಕೈದು ದಿನಕ್ಕೆ ಪಾಚಿ ಬಿಳಿಚಿಕೊಂಡು ಉದುರುತ್ತದೆ, ಬಸವನಹುಳುಗಳಿಗೆ ಅದೇ ಊಟ. ಕೆಂಪು ಪಾಚಿಯ ವಿಷಯ ಬೇರೆ: ಅದು ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಏಳುತ್ತದೆ, ನೀರು ಓಡಾಡದ ಮೂಲೆಯಲ್ಲಿ ಕೂರುತ್ತದೆ. ಪವರ್‌ಹೆಡ್ಡಿನ (ನೀರು ತಳ್ಳುವ ಪಂಪಿನ) ಮುಖ ಆ ಕಡೆ ತಿರುಗಿಸಿ, ಹಾಳೆಯನ್ನು ಪೈಪಿನಲ್ಲಿ ಎಳೆದುಹಾಕಿ. ಗಂಟೆಗೆ 1000 ಲೀಟರ್ ತಳ್ಳುವ ಒಂದು ಪವರ್‌ಹೆಡ್ ಈ ಅಳತೆಯ ಟ್ಯಾಂಕಿಗೆ ಸಾಕು.

ಟ್ಯಾಂಕಿರುವ ಮನೆಯ ಅಜ್ಜಿಗೆ ನಮಸ್ಕಾರ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲು ಮಾಘ ಮಾಸದಿಂದ ಬೆಳಿಗ್ಗೆ ಹತ್ತರ ಸುಮಾರಿಗೆ ಟ್ಯಾಂಕಿನ ಎಡಮೂಲೆಗೆ ಬಂದು ಮುಕ್ಕಾಲು ಗಂಟೆ ನಿಲ್ಲುತ್ತದೆ ಎಂದು ಕಂಡವರು ಅವರು. ಪಾಚಿ ದಟ್ಟವಾಗಿದ್ದದ್ದೂ ಅದೇ ಮೂಲೆಯಲ್ಲಿ. ಆ ಹೆಂಚಿನ ಕೆಳಗೆ ಈಗ ಒಂದು ರಟ್ಟು ಇದೆ, ಟ್ಯಾಂಕಿನ ದೀಪ ಟೈಮರಿನಲ್ಲಿ ದಿನಕ್ಕೆ 8 ಗಂಟೆ. ಮೀನಿಗೆ ಪಾಪ ಹಸಿವು ಎಂದು ಮೂರು ಹೊತ್ತು ಹಾಕುತ್ತಿದ್ದವರು ಒಂದು ಹೊತ್ತಿಗೆ, ಎರಡು ನಿಮಿಷದಲ್ಲಿ ಮುಗಿಯುವಷ್ಟಕ್ಕೆ ಇಳಿಸಿದರು. ಫ್ರೋಜನ್ ಸೀಗಡಿಯನ್ನು ಕರಗಿಸಿ, ಚಹಾ ಸೋಸುವ ಜರಡಿಯಲ್ಲಿ ತೊಳೆದು, ಆ ಮಡ್ಡಿ ನೀರನ್ನು ಚೆಲ್ಲಿಯೇ ಹಾಕುತ್ತಾರೆ. ಫಿಲ್ಟರಿನ ಹತ್ತಿಯನ್ನು ಮೂರು ದಿನಕ್ಕೊಮ್ಮೆ ಬದಲಿಸುವವರೂ ಅವರೇ. ಅದು ಅಲ್ಲಿ ಕೊಳೆತರೆ ಹಿಡಿದದ್ದೆಲ್ಲ ಮತ್ತೆ ನೀರಿಗೆ. ಗಾಜಿನ ಮೇಲೆ ಹಾಕಿದ ಮಾರ್ಕರ್ ಗೆರೆಯ ತನಕ ದಿನವೂ ನೀರು ತುಂಬಿಸುವುದು ಕೂಡ ಅವರ ಕೈಯಿಂದಲೇ: ಉಪ್ಪಿಲ್ಲದ ಆರ್‌ಒ ನೀರು, ಮಾರ್ಚಿನಲ್ಲಿ 800 ಮಿಲಿಲೀಟರ್, ಪುಷ್ಯ ಮಳೆ ಹಿಡಿದಾಗ 200 ಸಾಕು.

ಪಕ್ಕದ ಅಡಿಕೆ ತೋಟದ ಮನೆಯವರಿಗೆ ವಿಶೇಷ ವಂದನೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತದ ಕಾಲು ಭಾಗ ತಾಮ್ರ. ಅಂಥ ಮದ್ದಿನ ಒಂದೇ ಟೀ ಚಮಚ 60 ಲೀಟರಿನ ಟ್ಯಾಂಕಿಗೆ ಸೇರಿದರೆ ಲೆಕ್ಕಕ್ಕೆ 0.2 ಪಿಪಿಎಂ ತಾಮ್ರವಾಯಿತು. ಮೀನು ತಡೆದುಕೊಂಡರೂ ಬಸವನಹುಳು ಉಳಿಯುವುದಿಲ್ಲ, ಕಲ್ಲು ಮರಳು ಹೀರಿಕೊಂಡ ತಾಮ್ರ ಬೇಗ ಬಿಡುವುದೂ ಇಲ್ಲ. ಮದ್ದಿನ ಡ್ರಮ್ಮನ್ನು ಎಷ್ಟು ತೊಳೆದರೂ ಉಪ್ಪುನೀರು ಬೆರೆಸಲು ಕೊಡದೆ, ಹೊಸ ಡ್ರಮ್ ತಂದುಕೊಟ್ಟರು. ಮದ್ದು ಹೊಡೆದ ದಿನ ಟ್ಯಾಂಕಿಗೆ ಕೈ ಹಾಕುವುದಿಲ್ಲ ಎಂದು ಮಕ್ಕಳಿಗೂ ಕಲಿಸಿದ್ದಾರೆ. ಮಳೆಯಲ್ಲಿ ಒಂಬತ್ತು ಗಂಟೆ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ತಂದಿಟ್ಟವರೂ ಅವರೇ. ಆಮ್ಲಜನಕ ಮೊದಲು, ಹೀಟರ್ ಆಮೇಲೆ, ಆ ದಿನ ಊಟ ಬೇಡ. ಕರೆಂಟ್ ಬಂದ ಮೇಲೆ ನಿಂತುಹೋದ ಫಿಲ್ಟರನ್ನು ತೊಳೆದೇ ಚಾಲು ಮಾಡಿ, ಒಳಗೆ ಕೊಳೆತ ನೀರಿರುತ್ತದೆ.

ಹವಳ ಕೇಳಿದಾಗ ಕೊಡುವುದಿಲ್ಲ ಎಂದ ಬೆಂಗಳೂರಿನ ಅಂಗಡಿಯವರಿಗೂ ಋಣಿಗಳು. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಅವರು ಕೊಟ್ಟದ್ದು ಒಣಕಲ್ಲು ಮತ್ತು ಹ್ಯಾಚರಿಯಲ್ಲೇ ಹುಟ್ಟಿದ ಕ್ಲೌನ್ ಮೀನು. ರಾತ್ರಿ ಬಸ್ಸಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದ ಕಂಡಕ್ಟರಣ್ಣನಿಗೆ ಶರಣು.

ಟ್ಯಾಂಕಿನ ಹಿಂದಿನ ಖಾನೆಯಲ್ಲಿ ರಾತ್ರಿ ದೀಪದಲ್ಲಿ ಬೆಳೆಯುವ ಕೀಟೋಮಾರ್ಫಾ ಪಾಚಿ ಈಗ ತಿಂಗಳಿಗೆ ಒಂದು ಮುಷ್ಟಿ ಹೆಚ್ಚಾಗುತ್ತಿದೆ. ಕೆಟ್ಟ ಪಾಚಿಯ ಊಟವನ್ನು ತಾನು ಉಣ್ಣುವ ಒಳ್ಳೆಯ ಪಾಚಿ ಅದು. ಮೂರನೇ ಒಂದು ಭಾಗ ಕಿತ್ತು ತೆಗೆಯಲೇಬೇಕು, ಇಲ್ಲದಿದ್ದರೆ ನಡುವೆ ಬೆಳಕು ಸಿಗದೆ ಕೊಳೆಯುತ್ತದೆ. ತೆಗೆದದ್ದನ್ನು ಎಸೆಯಲು ಮನಸ್ಸಿಲ್ಲ. ಬೇಕಾದವರು ಮುಚ್ಚಳವಿರುವ ಡಬ್ಬಿ ತನ್ನಿ, ಸೋಪು ಹಾಕಿ ತೊಳೆದಿರಬಾರದು. ಅರ್ಧ ಡಬ್ಬಿ ಉಪ್ಪುನೀರು ನಾವೇ ಹಾಕಿಕೊಡುತ್ತೇವೆ.