ಪಾಲಿಕೆ ಶಾಲೆಯ ಮಕ್ಕಳಿಗೆ ವಾರಕ್ಕೊಂದು ದುಡ್ಡಿನ ಪಾಠ ಇಡಿ

ಬೃಹನ್ಮುಂಬೈ ಮಹಾನಗರ ಪಾಲಿಕೆಯ ಶಿಕ್ಷಣಾಧಿಕಾರಿಗಳಿಗೆ,

ಸಾಹೇಬರೆ, ನಮಸ್ಕಾರ.

ನಾನು ಸಯನ್‌ನ ಒಂದು ಚಿಕ್ಕ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವವನು. ಹಗಲು ದುಡಿದು ರಾತ್ರಿ ಶಾಲೆಗೆ ಹೋಗುವ ಹುಡುಗರು ನಮ್ಮಲ್ಲಿದ್ದಾರೆ. ಪಾಲಿಕೆಯ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರೂ ಇದ್ದಾರೆ, ಜಾಸ್ತಿ ಜನ ಕಲಬುರಗಿ, ಯಾದಗಿರಿ ಕಡೆಯವರು. ಇವರೆಲ್ಲರ ಪರವಾಗಿ ನನ್ನ ಬೇಡಿಕೆ ಒಂದೇ. ಐದನೇ ತರಗತಿಯಿಂದ ಮೇಲಕ್ಕೆ ವಾರಕ್ಕೊಂದು ಪೀರಿಯಡ್ ದುಡ್ಡಿನ ಪಾಠಕ್ಕೆ ಇಡಿ. ಆಯಾ ಶಾಲೆಯ ಭಾಷೆಯಲ್ಲೇ ಇರಲಿ.

ಬಡ ಮಕ್ಕಳ ಹತ್ತಿರ ದುಡ್ಡೆಲ್ಲಿದೆ ಅಂತ ಕೇಳುವವರಿದ್ದಾರೆ. ಅಪ್ಪನ ಮೊಬೈಲಿಗೆ ಬಂದ ಬ್ಯಾಂಕಿನ ಮೆಸೇಜ್ ಓದಿ ಹೇಳುವುದು ಮಗಳು. ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ಮಗ. ಮನೆಯ ಅರ್ಧ ವ್ಯವಹಾರ ಮಕ್ಕಳ ಕೈಯಲ್ಲೇ ನಡೆಯುತ್ತದೆ. ಮೋಸಗಾರರಿಗೂ ಇದು ಚೆನ್ನಾಗಿ ಗೊತ್ತು.

ಗಣಿತದ ಪುಸ್ತಕದಲ್ಲಿ ಬಡ್ಡಿ ಲೆಕ್ಕ ಇದೆ, ನಿಜ. ಈ ಲೆಕ್ಕವನ್ನೂ ಒಮ್ಮೆ ಹಾಕಿಸಿ ನೋಡಿ. ಮೊಬೈಲ್ ಆ್ಯಪ್ ಒಂದು 3,000 ರೂಪಾಯಿ ಸಾಲ ಕೊಡುತ್ತದೆ. ಫೀಸು ಅಂತ 600 ಮೊದಲೇ ಮುರಿದುಕೊಳ್ಳುತ್ತದೆ. ಏಳು ದಿನಕ್ಕೆ ಪೂರ್ತಿ 3,000 ಕೇಳುತ್ತದೆ. ಕೈಗೆ ಬಂದದ್ದು 2,400, ಅದರ ಮೇಲೆ ವಾರಕ್ಕೆ 600. ನೂರಕ್ಕೆ ಇಪ್ಪತ್ತೈದು ಆಯಿತಲ್ಲ! ಮೀಟರ್ ಬಡ್ಡಿಯವನೂ ನಾಚಬೇಕು.

ಇನ್ನೊಂದು ಪಿಡುಗು ಬಾಡಿಗೆ ಖಾತೆ. "ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂತ ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಯಾರಿಗೋ ಟೋಪಿ ಹಾಕಿದ ದುಡ್ಡು ಆ ಖಾತೆಗೆ ಬಂದು ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವನನ್ನೇ. ಮೋಸವಾದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ಎಷ್ಟು ಮಕ್ಕಳಿಗೆ ಗೊತ್ತು?

ಹತ್ತು ವರ್ಷ ತುಂಬಿದ ಮಗು ತಾನೇ ಉಳಿತಾಯ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. 2025ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿದೆ. ಎಷ್ಟು ಮೊತ್ತದವರೆಗೆ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಹಾಗಿದ್ದೂ ನಮ್ಮ ಹುಡುಗನ ತಂಗಿಯನ್ನು ಒಂದು ಶಾಖೆಯಲ್ಲಿ "ಅಪ್ಪನನ್ನು ಕರೆದುಕೊಂಡು ಬಾ" ಅಂತ ವಾಪಸ್ ಕಳಿಸಿದರು. ವರ್ಷಕ್ಕೊಮ್ಮೆ ಬ್ಯಾಂಕಿನವರನ್ನೇ ಶಾಲೆಗೆ ಕರೆಸಿದರೆ ಈ ಓಡಾಟ ತಪ್ಪುತ್ತದೆ. ರಿಸರ್ವ್ ಬ್ಯಾಂಕಿನ ಮುಖ್ಯ ಕಚೇರಿ ಇರುವುದೇ ನಮ್ಮ ಫೋರ್ಟ್‌ನಲ್ಲಿ, ಅಲ್ವಾ?

ಚಿಲ್ಲರೆ ದುಡ್ಡು ಕೂಡಿಡುವುದು ಕನ್ನಡಿಗರಿಗೆ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಮನೆ ಬಾಗಿಲಿಗೇ ಬಂದು ಬರೆದುಕೊಳ್ಳುತ್ತಿದ್ದ. ಮಂಗಳೂರಿನಲ್ಲಿ 1906ರಲ್ಲಿ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಅದಕ್ಕೂ ಮೊದಲು ಕಟ್ಟಿದ್ದು ಶಾಲೆ. ಉಳಿತಾಯದ ಅಭ್ಯಾಸ ಬೆಳೆಸುವುದು, ಕಷ್ಟದಲ್ಲಿರುವವರಿಗೆ ನೆರವಾಗುವುದು, ಎರಡೂ ಆ ಬ್ಯಾಂಕಿನ ಮೂಲ ಧ್ಯೇಯಗಳಲ್ಲಿವೆ.

ಈ ಎರಡನೆಯದನ್ನು ದಯವಿಟ್ಟು ಬಿಡಬೇಡಿ. ತರಗತಿಗೊಂದು ಡಬ್ಬಿ ಇರಲಿ. ಹಾಕಲೇಬೇಕು ಅಂತ ಒತ್ತಾಯ ಬೇಡ. ಯಾರು ಎಷ್ಟು ಹಾಕಿದರು ಅಂತ ಬರೆಯುವುದೂ ಬೇಡ. ಒಟ್ಟು ಎಷ್ಟಾಯಿತು, ಯಾತಕ್ಕೆ ಹೋಯಿತು ಅನ್ನುವುದು ಮಾತ್ರ ಬೋರ್ಡಿನ ಮೇಲೆ ಬರಲಿ. ಯಾರದೋ ಚಪ್ಪಲಿ ಕಿತ್ತಿದೆ, ಯಾರಿಗೋ ನೋಟ್‌ಬುಕ್ ಇಲ್ಲ, ಇದು ಮೇಷ್ಟ್ರಿಗಿಂತ ಮೊದಲು ಮಕ್ಕಳಿಗೇ ಗೊತ್ತಿರುತ್ತದೆ. ತೀರ್ಮಾನ ಅವರೇ ಮಾಡಲಿ. ಪಡೆದ ಮಗುವಿನ ಹೆಸರು ಹೊರಗೆ ಬರಬಾರದು. ಫೋಟೊ, ಫ್ಲೆಕ್ಸ್ ಅಂತೂ ಬೇಡವೇ ಬೇಡ. ನಮ್ಮ ಊರಿನಲ್ಲಿ ಹತ್ತು ಛತ್ರಿ ಹಂಚಿದರೂ ನಾಲ್ಕು ಬ್ಯಾನರ್ ಏಳುತ್ತವೆ, ನಿಮಗೆ ಗೊತ್ತಿರುವುದೇ.

ಹೊರಗಿನವರಿಗೆ ಕೊಡುವಾಗ ವಿಚಾರಿಸುವುದನ್ನೂ ಕಲಿಸಬೇಕು. ವಾಟ್ಸಾಪ್‌ನಲ್ಲಿ ಕಾಯಿಲೆ ಮಗುವಿನ ಫೋಟೊ, ಕೆಳಗೊಂದು ಕ್ಯೂಆರ್ ಕೋಡ್. ಸುಮ್ನೆ ದುಡ್ಡು ಕಳಿಸುವ ಮೊದಲು ಯಾರ ಹೆಸರಿಗೆ ಹೋಗುತ್ತಿದೆ ಅಂತ ನೋಡಲಿ. ಟ್ರಸ್ಟ್ ಅಂತ ಹೇಳಿಕೊಂಡರೆ ನೋಂದಣಿ ಸಂಖ್ಯೆ ಕೇಳಲಿ. ಮಹಾರಾಷ್ಟ್ರದಲ್ಲಿ 1950ರ ಕಾಯ್ದೆ ಪ್ರಕಾರ ಸಾರ್ವಜನಿಕ ಟ್ರಸ್ಟುಗಳು ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ಕೇಳಿದರೆ ಪಾಪ ಬರುವುದಿಲ್ಲ.

ಮೊದಲ ವರ್ಷ ಕನ್ನಡ ಶಾಲೆಗಳಲ್ಲೇ ಶುರು ಮಾಡಿ ನೋಡಿ. ಜಮಾ ಖರ್ಚು ಬರೆಯುವುದನ್ನು ಹೇಳಿಕೊಡಲು ನಾನು ಬರುತ್ತೇನೆ. ಮಧ್ಯಾಹ್ನ 3ರಿಂದ 5ರವರೆಗೆ ಹೋಟೆಲ್ ಖಾಲಿ ಇರುತ್ತದೆ. ಮಾಲೀಕರನ್ನು ಕೇಳಿಯಾಗಿದೆ, ಒಪ್ಪಿದ್ದಾರೆ.

ಇಂತಿ,
ಸಯನ್‌ನ ಒಬ್ಬ ಹೋಟೆಲ್ ಕ್ಯಾಷಿಯರ್